ಹೋಗಿ ಬರ್ತೇನೆ

ಆಟದ ಸಾಮಾನಿನ ಕೋಣೆಯಲ್ಲಿ
ಮುರಿದ ಜಾವೆಲಿನ್ನಿನ ಪಕ್ಕ
ವಾಲಿಬಾಲ್ ನೆಟ್ಟಿನ ಗಂಟಿಗೆ ಒರಗಿ
ಒಂದು ಹಳೆ ಕಂಪ್ಯೂಟರು ಕೂತಿದೆ,
ಬ್ಯಾಂಕಿನವರು ಬೇಡವೆಂದು ಕೊಟ್ಟದ್ದು.
ಪಡುಕೆರೆಯ ಉಪ್ಪುಗಾಳಿಗೆ ಅದರ ತಿರುಪುಗಳು
ವರ್ಷಕ್ಕೊಮ್ಮೆ ಕೆಂಪಾಗುತ್ತವೆ.
ಲವೀನಾ ಟೀಚರ್ ತೆಂಗಿನೆಣ್ಣೆ ಮುಟ್ಟಿಸುತ್ತಾರೆ,
ಬಾಗಿಲ ಚಿಲಕಕ್ಕೆ ಮುಟ್ಟಿಸಿದ ಹಾಗೆ.

ಅದರೊಳಗೆ ನಮ್ಮ ಇನ್ನೊಂದು ಸ್ಟಾಫ್ ರೂಮು ಉಂಟು.
ಬೈಂದೂರಿನಿಂದ ಹೆಜಮಾಡಿಯವರೆಗೆ
ನೂರಾ ಹನ್ನೊಂದು ಮಂದಿ ಟೀಚರು, ಮಾಸ್ಟ್ರು
ಒಂದೇ ಬೆಂಚಿನಲ್ಲಿ ಹಿಡಿಯುವ ಕೋಣೆ.
ಬಾಡಿಗೆ ಇಲ್ಲ, ತಂತ್ರಾಂಶಕ್ಕೆ ದುಡ್ಡಿಲ್ಲ.
"ಪುಕ್ಕಟೆ ಅಂದರೆ ಎಂತದೋ ಮೋಸ ಉಂಟು" ಎಂದರು
ಹೆಡ್‌ಮಾಸ್ಟ್ರು ವಾಮನ ಶೇರಿಗಾರರು.
ಹೆಪ್ಪಿನ ಲೆಕ್ಕ ಹೇಳಿದೆ:
ಆಚೆಮನೆಯಿಂದ ಒಂದು ಚಮಚ ತಂದರೆ
ಅವರ ಮೊಸರೇನೂ ಕಡಿಮೆಯಾಗುವುದಿಲ್ಲ;
ನಮ್ಮ ಪಾತ್ರೆಯಲ್ಲಿ ಅದು ನಮ್ಮ ಹುಳಿಗೆ ತಿರುಗುತ್ತದೆ;
ನಾಳೆ ಈಚೆಮನೆಯವರು ಲೋಟ ಹಿಡಿದು ಬಂದರೆ
ಇಲ್ಲ ಅನ್ನಬಾರದು, ಅಷ್ಟೇ ಷರತ್ತು.
ಅರ್ಧ ಒಪ್ಪಿದರು.
ಪ್ಲಗ್ ಪಾಯಿಂಟ್ ಕೊಟ್ಟರು.

ಕಷ್ಟ ಯಂತ್ರದ್ದಲ್ಲ, ಮಾತಿನದ್ದು.
ಯಾರೋ ಎಲ್ಲೋ ಕನ್ನಡಕ್ಕೆ ತಂದಿದ್ದ ಗುಂಡಿಗಳು.
'ಸಲ್ಲಿಸು' ಎಂದಿತ್ತು ಒಂದು.
"ಇದು ಬಿಇಒ ಆಫೀಸು" ಎಂದು
ಝುಬೇದಾ ಟೀಚರ್ ಬೆರಳು ಹಿಂದೆ ತೆಗೆದರು.
'ಬಳಕೆದಾರ' ಅಂದರೆ ನೀರಿನ ಬಿಲ್ಲಿನ ನೆನಪು.
ಹೊರಗೆ ಹೋಗುವಲ್ಲಿ 'ನಿರ್ಗಮಿಸು':
ಕಿರೀಟ ಹೊತ್ತು ಎರಡು ಸುತ್ತು ಕುಣಿದೇ
ರಂಗಸ್ಥಳ ಬಿಡಬೇಕೇನೋ ಅನ್ನುವ ಹಾಗೆ.

ಆದರೆ ಮುಚ್ಚಳ ತೆಗೆದಿಟ್ಟ ತಂತ್ರಾಂಶ ಇದು,
ಕೈ ಹಾಕಬಹುದು.
ಒಂದು ಶನಿವಾರ ಮಧ್ಯಾಹ್ನ
ತಂದ ಗೋಳಿಬಜೆ ತಣ್ಣಗಾಗುತ್ತಿರಲು
ಸಾಲು ಸಾಲು ಹುಡುಕಿ
ಸಲ್ಲಿಸುವುದನ್ನು 'ಹೇಳಿ' ಎಂದು ತಿದ್ದಿದೆವು.
ತಿದ್ದುವಾಗ ಒಂದು ಅರ್ಧವಿರಾಮ ಅಳಿದುಹೋಗಿ
ಕೋಣೆ ಮೂರು ದಿನ ಮಲಗಿಬಿಟ್ಟಿತು.
ಇಪ್ಪತ್ತು ವರ್ಷದಿಂದ ಲೇಖನ ಚಿಹ್ನೆಗೆ
ಅರ್ಧ ಅರ್ಧ ಅಂಕ ಕಳೆದವಳು ನಾನು.

ಕೊನೆಗೆ ಸರಿಯಾಯಿತು. ಯಾರೂ ಮಾತಾಡಲಿಲ್ಲ.
ಬಂದರು, ಹೊಸ್ತಿಲಲ್ಲಿ ನಿಂತರು, ಹೋದರು.
ಮಾದರಿ ಪಾಠ ತನ್ನಿ ಎಂದು ಕೇಳಿದ್ದೇ ತಪ್ಪಾಯಿತೇನೋ.
ಮಾದರಿಯಾಗಲು ಯಾರಿಗೆ ಧೈರ್ಯ?
ಐದು ವಾರ.
ಆಮೇಲೆ ಒಂದು ರಾತ್ರಿ ಹನ್ನೊಂದು ನಲವತ್ತಕ್ಕೆ
ಹೆಬ್ರಿಯ ಕಡೆಯಿಂದ
ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದ ದೂಮಪ್ಪ ಮಾಸ್ಟ್ರು:
"ಭಿನ್ನರಾಶಿಯ ಭಾಗಾಕಾರದಲ್ಲಿ
ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸಿ ಅನ್ನುತ್ತೇನೆ.
ಯಾಕೆ ಎಂದು ಇವತ್ತು ಒಬ್ಬಳು ಕೇಳಿದಳು.
ನನಗೆ ಗೊತ್ತಿಲ್ಲ."

ಬೆಳಿಗ್ಗೆ ಏಳರೊಳಗೆ ಹದಿನೇಳು ಜನ.
ಮಲ್ಪೆಯವರೊಬ್ಬರು ಮಂಜುಗಡ್ಡೆ ಒಡೆದರು:
ಮೂರು ಗಡ್ಡೆ, ಮೀನಿನ ಪೆಟ್ಟಿಗೆಗೆ ಅರ್ಧರ್ಧ,
ಪೆಟ್ಟಿಗೆ ಎಷ್ಟು ತುಂಬೀತು, ಎಣಿಸಿ.
ಶಿರ್ವದವರು ಕಾಗದ ಮಡಚಿ ಫೋಟೋ ತೆಗೆದರು.
ಕೋಟದ ಒಬ್ಬರು ತಪ್ಪು ಹೇಳಿ,
ತಪ್ಪೆಂದು ತಾವೇ ಕಂಡು,
ಅಳಿಸದೆ ಕೆಳಗೆ ಇನ್ನೊಮ್ಮೆ ಹೇಳಿದರು.
ಒಬ್ಬರದು ಇಷ್ಟೇ: "ನನಗೂ."
ಇಡೀ ಕೋಣೆಯಲ್ಲಿ ನಾನು ಅತಿ ಹೆಚ್ಚು ಸಲ
ಓದಿದ ಮಾತು ಅದು.

'ನಿರ್ಗಮಿಸು' ಮಾತ್ರ ಹಾಗೇ ಉಳಿದಿತ್ತು.
ಆ ದಿನ ಅದಕ್ಕೂ ಕೈ ಹಾಕಿದೆ,
ಈ ಸಲ ಚಿಹ್ನೆಗಳನ್ನು ಬೆರಳಿಟ್ಟು ಎಣಿಸಿ.
ಹೋಗುತ್ತೇನೆ ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ,
ಅಂದರೆ ಅಜ್ಜಿಯಂದಿರು ಬಾಯಿಗೆ ಕೈ ಇಡುತ್ತಾರೆ.
ಈಗ ಬಾಗಿಲಲ್ಲಿ ಬರೆದದ್ದು: ಹೋಗಿ ಬರ್ತೇನೆ.

ಮೊದಲು ಒತ್ತಿದವರು ದೂಮಪ್ಪ ಮಾಸ್ಟ್ರು.
ಹೋದರು.
ನಾಲ್ಕು ನಿಮಿಷಕ್ಕೆ ತಿರುಗಿ ಬಂದರು:
"ಈ ಸೊನ್ನೆಯಿಂದ ಭಾಗಿಸಬಾರದು ಅನ್ನುತ್ತೇವಲ್ಲ,
ಅದು ಯಾಕೆ ಮಾರಾಯ್ರೇ?"