ಒಂದ ಕಣ್ಣಿನ ಬಾಡಗಿ

ಆಟಕ್ಕ ಇನ್ನೂರಾ ಹನ್ನೆರಡು ಕನ್ನಡಕ,
ದಿನಕ್ಕ ನಾಕು ಆಟ.
ಒಳಗ ಹೋಗೂಮುಂದ ಕೊಡೂದು ನಾನ,
ಹೊರಗ ಬರೂಮುಂದ ನೀಲಿ ಬುಟ್ಟಿ ಹಿಡದು ನಿಂದರೂದೂ ನಾನ.

ಬುಟ್ಟಿಗಿ ಬೀಳೂಮುಂದ ಅವು ಬೆಚ್ಚಗಿರತಾವ.
ಯಾರದೋ ಮೂಗಿನ ಬೆವರು, ಯಾರದೋ ಕಾಡಿಗಿ,
ಒಂದರ ಮ್ಯಾಲ ಪಾಪ್‌ಕಾರ್ನಿನ ಬೆಣ್ಣಿ ಬೊಟ್ಟು.
ಸ್ಪಿರಿಟ್ ಹಚ್ಚಿ ಎರಡ ಸುತ್ತು ವರಸಬೇಕು;
ಮೂರನೇ ಸುತ್ತಿಗಿ ಅರಿವಿ ಸವೀತೈತಿ
ಅಂತಾರ ಮ್ಯಾನೇಜರ ಹಂಪಿಹೊಳಿ.

ಮುಖ ನೋಡಿ ನೋಡಿ ರೂಢಿ ಆಗೇತಿ.
ಮೂಗಿನ ಎರಡೂ ಕಡೆ ಕೆಂಪನ ಗುರುತು,
ಹುಬ್ಬಿನ ನಡುವ ಹೆಬ್ಬೆರಳು.
"ಭಾರೀ ಇತ್ತು" ಅಂತಾರ, ಅಂದು
ಗ್ವಾಡಿಗಿ ಕೈ ಹಚ್ಚಿ ಮೆಟ್ಟಲ ಹುಡುಕತಾರ.
ಮೊನ್ನೆ ನವನಗರದ ಹೊಸಾ ಜೋಡಿ ಬಂದಿತ್ತು.
ಇಂಟರ್ವಲ್‌ದಾಗ ಆಕಿ ತಿಂದ ಗಿರಮಿಟ್ಟೆಲ್ಲಾ ಕಾರಿಕೊಂಡಳು.
"ಏನರ ವಿಶೇಷ ಏನ?" ಅಂದ ಆತ, ನಗಿಮುಖದಲೆ.
ಸಿನಿಮಾನ ವಿಶೇಷ, ಅಂದೆ ಮನಸಿನಾಗ.
ಬಕೆಟ್ ತಂದೆ.

ಐತವಾರ ಯೋಬಣ್ಣ ಬಂದ,
ಗದಗ ರೋಡಿನ ರೈಲ್ವೆ ವರ್ಕ್‌ಶಾಪಿನಾಗ ಫಿಟ್ಟರ ಇದ್ದಾತ.
ಹದಿನೆಂಟು ವರ್ಷದ ಹಿಂದ ಕಬ್ಬಿಣದ ಕಿಡಿಯೊಂದು
ಎಡಗಣ್ಣು ತಗೊಂಡು ಹೋಗೇತಿ.
ಬೆರಳ ಹಿಡಕೊಂಡು ಮೊಮ್ಮಗಳು ಪ್ರಿಸಿಲ್ಲಾ.
ಕನ್ನಡಕದ ಬಾಡಗಿ ಮೂವತ್ತು ಅಂದೆ.
ಹುಡುಗಿಗಿ ಮೂವತ್ತು ಕೊಟ್ಟ,
ತನಗ ಹದಿನೈದು ಎಣಿಸಿ ಇಟ್ಟ.
"ನನಗ ಒಂದ ಕಣ್ಣೈತಿ ತಂಗಿ. ಒಂದಕ್ಕ ತಗೋ."
ಹಿಂದಿನ ಮಂದಿ ನಕ್ಕರು. ಆತ ನಗಲಿಲ್ಲ.
ಹಂಪಿಹೊಳಿ ಬಂದು ಮಶೀನು ತೋರಿಸಿದರು,
ಅರ್ಧದ ಗುಂಡಿ ಅದರಾಗ ಇಲ್ಲ.
ಕೊಟ್ಟ. ಕೊಟ್ಟು, ಸಿಟ್ಟಿಗಿ
ಕನ್ನಡಕ ಅಂಗಿ ಕಿಸೆದಾಗ ಇಟಗೊಂಡ.

ಆಟ ಬಿಟ್ಟಾಗ ಅವನ ಕನ್ನಡಕ ಅಷ್ಟ ತಣ್ಣಗಿತ್ತು.

"ನೋಡ ತಂಗಿ, ಇರೂ ಒಂದ ಕಣ್ಣಿಗಿ
ಎಲ್ಲಾ ಎರಡೆರಡು ಕಂಡ್ವು.
ಆನಿಗಿ ಎರಡು ಸೊಂಡಿಲ, ಹುಡುಗಿಗಿ ಎರಡು ಮೂಗ.
ಹದಿನೆಂಟು ವರ್ಷ ಆದಮ್ಯಾಲ
ಇವತ್ತ ನನಗ ಜೋಡಿ ಸಿಕ್ತು."
ಪ್ರಿಸಿಲ್ಲಾ ಎರಡೂ ಮುಷ್ಟಿಲೆ ಕಣ್ಣ ತಿಕ್ಕೋತಿದ್ದಳು.
ಹಕ್ಕಿ ಮೂಗಿನ ತನಕ ಬಂದಿತ್ತಂತ,
ಹಿಡೀಲಿಕ್ಕೆ ಹೋದರ ಮುಂದಿನವರ ಜಡಿ ಸಿಕ್ಕಿತಂತ.

ನಾನು ವರಸೂದು ನಿಲ್ಲಿಸಿರಲಿಲ್ಲ. ಆತ ಹೋಗಲೂ ಇಲ್ಲ.
"ಹಳಿ ಎರಡೂ ದೂರದಾಗ ಕೂಡಿದಂಗ ಕಾಣತಾವ.
ಕಾಣಲಿ. ಖರೇನ ಕೂಡಿದ್ವು ಅಂದರ ಗಾಡಿ ಬೀಳತೈತಿ.
ಇಲ್ಲಿ ನಿಮ್ಮವರು ಕಣ್ಣಿಗಿ ಅಂತಾರ:
ಮೂಗಿನ ಮುಂದ ಬಂದು ಒಂದಾಗ್ರಿ.
ಪರದೆ ಅಂತೈತಿ: ನಾ ಇಲ್ಲೇ ಅದೇನಿ, ಹತ್ತ ಮಾರ ದೂರ.
ಪಾಪ, ಕಣ್ಣರ ಯಾರ ಮಾತ ಕೇಳಬೇಕು?"
ಹುಡುಗಿ ತಲಿ ಮ್ಯಾಲ ಕೈ ಇಟ್ಟು
ಮೆಟ್ಟಲ ಇಳಿದ, ಒಂದೂ ತಪ್ಪಲಿಲ್ಲ.

ರಾತ್ರಿ ಎಣಿಸಿದರ ಇನ್ನೂರಾ ಹನ್ನೊಂದು.
ಮತ್ತೊಮ್ಮೆ ಎಣಿಸಿದೆ. ಅಷ್ಟ.
ಪಗಾರದಾಗ ಹಿಡೀತಾರ, ಹಿಡೀಲಿ.

ಹೊರಗ ಥಂಡಿ. ಕಡೇ ಬಸ್ಸು ಹೋಗಿತ್ತು.
ರಸ್ತೆ ಆ ಕಡೆ ಲೈಟಿನ ಕಂಬ, ಅದರ ಮುಂದ ನನ್ನ ಬೆರಳು.
ಎಡಗಣ್ಣು ಮುಚ್ಚಿದರ ಕಂಬ ಕಾಣೂದಿಲ್ಲ,
ಬಲಗಣ್ಣು ಮುಚ್ಚಿದರ ಕಾಣತೈತಿ.
ಒಂದ ಮನ್ಯಾಗಿದ್ದೂ ಇಬ್ಬರದೂ ಬ್ಯಾರೆ ಬ್ಯಾರೆ ಸಾಕ್ಷಿ;
ಇಷ್ಟು ದಿನ ಜಗಳಿಲ್ಲದ ಹೆಂಗ ಬಾಳೇವು ಮಾಡ್ಯಾವೋ.

ಎತ್ತಿದ ಬೆರಳ ನೋಡಿ ಆಟೋದಾತ ನಿಂತ.
"ಎಲ್ಲಿಗಿ ಅಕ್ಕಾ?"
ಗೋಪನಕೊಪ್ಪ ಅಂದೆ.
"ಇಲ್ಲೇ ಐತಲ್ಲ, ಮೂಗಿನ ಮುಂದ" ಅಂದ.
ಅರವತ್ತು ಕೇಳಿದ.