ಕೊಳವೆ ಕಾಯುವವನು

ನನ್ನ ಕೆಲಸ ಕೇಳಿದರೆ ನಗುತ್ತೀರಿ.
ಕುದುರೆ ಹತ್ತಿ ಕೂತು
ಕಣ್ಣಿಗೆ ಕಾಣದ ಎಣ್ಣೆಯನ್ನು ಕಾಯುತ್ತೇನೆ,
ತ್ಸಾಲ್ಕಾದ ಬೋಳುಗುಡ್ಡಗಳಲ್ಲಿ,
ಹೋಗುತ್ತ ಏಳು ಕಿಲೋಮೀಟರು, ಬರುತ್ತ ಏಳು.
ಹೆಣ್ಣುಕುದುರೆಯ ಹೆಸರು ನಜೆಲಿ. ನನ್ನದು ವಾರ್ದ್‌ಗೆಸ್.
ಸಂಬಳದ ಚೀಟಿಯಲ್ಲಿ ಇಬ್ಬರಿಗೂ ಬೇರೆ ಬೇರೆ ಸಾಲು;
ಅವಳ ಮೇವಿನ ಭತ್ಯೆ ಒಮ್ಮೆಯೂ ತಡವಾಗಿಲ್ಲ.

ಒಂದಾಳು ಆಳದಲ್ಲಿ ಮಲಗಿದೆ ಕೊಳವೆ.
ಕ್ಯಾಸ್ಪಿಯನ್ನಿನ ಹೊಟ್ಟೆಯಿಂದ ಹೊರಟದ್ದು
ಯಾವುದೋ ಬಿಸಿಲಿನ ಬಂದರಲ್ಲಿ ಹಡಗು ಹತ್ತುತ್ತದಂತೆ.
ನಾನು ಆ ಕೊನೆಯನ್ನೂ ಕಂಡಿಲ್ಲ, ಈ ಕೊನೆಯನ್ನೂ.
ನಡುವಿನವನು.

ಅಳತೆಗೆ ಬಂದವರು ಭೂಪಟ ಹಾಸಿದ್ದು ನಮ್ಮ ಊಟದ ಮೇಜಿನ ಮೇಲೆ,
ಸುರುಳಿ ಸುತ್ತದಿರಲೆಂದು ನಾಲ್ಕು ಮೂಲೆಗೆ
ಹೈಕುಶಳ ನಾಲ್ಕು ಉಪ್ಪಿನಕಾಯಿ ಜಾಡಿ.
ಪೂರ್ವದಿಂದ ಬಂದ ಗೆರೆ ಇದ್ದಕ್ಕಿದ್ದಂತೆ ಬೆನ್ನು ಬಗ್ಗಿಸಿ
ಉತ್ತರಕ್ಕೆ ಸುತ್ತಿತ್ತು.
"ನೇರ ಹೋದರೆ ಹತ್ತಿರವಲ್ಲವೆ?" ಎಂದೆ.
ಎಂಜಿನಿಯರ್ ವಖುಷ್ಟಿ ಟೀ ಊದಿ ಕುಡಿದು
"ನೇರಕ್ಕೆ ಅರ್ಮೇನಿಯಾ ಇದೆ" ಎಂದ,
ದಾರಿಗೆ ಅಡ್ಡ ಮಲಗಿದ ಹೋರಿಯ ಬಗ್ಗೆ ಹೇಳುವಂತೆ.
ಆಮೇಲೆ ನನ್ನ ಹೆಸರು ನೆನಪಾಗಿ
ಸಕ್ಕರೆ ಕೇಳಿದ.

ಆ ನೇರದಲ್ಲಿ, ಗಡಿಯಾಚೆ, ನನ್ನ ಅಕ್ಕ ಇದ್ದಾಳೆ.
ಅವಳ ಒಲೆಗೆ ಅನಿಲ ಇನ್ನೊಬ್ಬ ದೊರೆಯ ಕೊಳವೆಯಿಂದ;
ಅವನ ಮಾತಿಗೆ ತಲೆಯಾಡಿಸಿದಷ್ಟು ದಿನ ಅಗ್ಗ.
ನೆರೆಯವರು ತಮ್ಮತಮ್ಮಲ್ಲಿ ಮಾತು ಬಿಟ್ಟರೆ
ಮೂರನೆಯವನ ಹಿತ್ತಲಲ್ಲಿ ಕಾಲುವೆ ತೋಡುತ್ತಾರೆ.
ನಾವು ಆ ಹಿತ್ತಲು.

ಕೊಳವೆಯ ಮೇಲೆ ಮರ ನೆಡಬಾರದು, ಮನೆ ಕಟ್ಟಬಾರದು,
ಸತ್ತವರನ್ನು ಹೂಳಬಾರದು.
ಆಲೂಗಡ್ಡೆ ಹಾಕಬಹುದು.
ಪರಿಹಾರದ ಹಣದಲ್ಲಿ ಎರಡು ಹಸು ಬಂದವು.
ಹೈಕುಶ್ ಬೇಸಿಗೆಯೆಲ್ಲ ಬೆರಣಿ ತಟ್ಟಿ, ಒಣಗಿಸಿ,
ಸೂರಿಗಿಂತ ಎತ್ತರಕ್ಕೆ ಒಟ್ಟುತ್ತಾಳೆ.
ಕಾಲಡಿಯಲ್ಲಿ ಲಕ್ಷಾಂತರ ಬ್ಯಾರಲ್ಲು,
ನಮ್ಮೂರ ಒಲೆಯಲ್ಲಿ ಸಗಣಿ.
ಕೆಳಗಿನದು ವಿದೇಶಾಂಗದ ವ್ಯವಹಾರ,
ಮೇಲಿನದು ಹಸುವಿನದು.

ಒಂದು ಜನವರಿ ಉತ್ತರದ ಅನಿಲ ನಿಂತಿತು.
ಕೊಳವೆ ಒಡೆದಿದೆ ಎಂದರು ಅವರು,
ಬೇಕೆಂದೇ ನಲ್ಲಿ ತಿರುಗಿಸಿದ್ದಾರೆ ಎಂದರು ಇವರು;
ಟಿಬಿಲಿಸಿಯಲ್ಲಿ ಚಳಿ ಮಾತ್ರ
ಯಾರ ಪಕ್ಷವನ್ನೂ ವಹಿಸದೆ ಮೆಟ್ಟಿಲು ಹತ್ತಿತು.
ಮೂರನೆಯ ರಾತ್ರಿ ಕಂಪನಿಯ ಜೀಪು ನಮ್ಮ ಅಂಗಳದಲ್ಲಿ.
ವಖುಷ್ಟಿ, ಅವನ ಹೆಂಡತಿ, ಕಂಬಳಿಯೊಳಗೆ ಕೂಸು.
ಮೂಗು ಮುಚ್ಚದೆ ಒಲೆಯ ಪಕ್ಕ ಕೂತರು.
ಹೈಕುಶ್ ಏನೂ ಕೇಳಲಿಲ್ಲ,
ಇನ್ನೆರಡು ಬೆರಣಿ ಮುರಿದು ಹಾಕಿದಳು.
ಕೂಸಿನ ಕಿವಿ ಕೆಂಪೇರಿದ ಮೇಲೆ ಅವನೆಂದ:
"ನಮ್ಮ ಕೊಳವೆಯಲ್ಲಿ ಒತ್ತಡ ಸರಿಯಾಗಿದೆ.
ಒತ್ತಡ ಸರಿಯಾಗಿಯೇ ಇದೆ."
ಅದನ್ನೂ ಯಾರೂ ಕೇಳಿರಲಿಲ್ಲ.

ಏಪ್ರಿಲ್ಲಿನಲ್ಲಿ ಹಿಮ ಮೊದಲು ಕರಗುವುದು ಕೊಳವೆಯ ಮೇಲೆ.
ಒಳಗಿನ ಬಿಸಿಗೋ ಏನೋ, ಹುಲ್ಲು ಅಲ್ಲೇ ಮೊದಲು.
ಬಿಳಿಗುಡ್ಡದ ಮೈಮೇಲೆ ಹಸಿರು ಗೆರೆಯೊಂದು,
ಅದೇ ಡೊಂಕಿನೊಂದಿಗೆ;
ಬಾಗಿಲು ಮುಚ್ಚಿ ಆಡಿದ ಮಾತೆಲ್ಲ
ಹಸುವಿಗೂ ಓದಲು ಬರುವ ಹಾಗೆ.
ಹಸುಗಳು ಸಾಲಾಗಿ ಮೇಯುತ್ತ ಹೋಗುತ್ತವೆ,
ಡೊಂಕು ಬಂದಲ್ಲಿ ಡೊಂಕಾಗಿ.

ನಜೆಲಿ ಮಾತ್ರ ಅಲ್ಲಿ ಬಾಯಿ ಹಾಕುವುದಿಲ್ಲ.
ಗೆರೆ ತಿರುಗುವ ಜಾಗದಲ್ಲಿ ನಿಂತುಬಿಡುತ್ತಾಳೆ,
ಕಿವಿ ನಿಮಿರಿಸಿ, ಮೂಗು ದಕ್ಷಿಣಕ್ಕೆ.
ಅಲ್ಲಿಂದ ಗಾಳಿ ಬರುತ್ತದೆ, ಕೆಲವೊಮ್ಮೆ ಹೊಗೆಯ ವಾಸನೆ.
ನಾನೂ ಲಗಾಮು ಸಡಿಲ ಬಿಡುತ್ತೇನೆ ಸ್ವಲ್ಪ ಹೊತ್ತು.
ಆಮೇಲೆ ಕೈಗವಸು ಕಳಚಿ
ಕಂಪನಿಯ ಪುಸ್ತಕದಲ್ಲಿ ಬರೆಯುತ್ತೇನೆ:
ಏಳನೆಯ ಕಿಲೋಮೀಟರು. ಸೋರಿಕೆ ಇಲ್ಲ.