ಬರಿ ಬಿದಿರಿನ ತುದಿ

ನೂರೈದು ರೂಪಾಯಿಗೆ ಮಾರಿದ ಮಲ್ಲಿಗೆ ಊದುಬತ್ತಿ
ಎಪ್ಪತ್ತೆಂಟು ರೂಪಾಯಿ ಐವತ್ತನಾಲ್ಕು ಪೈಸೆಯಾಗಿ
ಬ್ಯಾಂಕಿಗೆ ಬಂದು ಬಿದ್ದಾಗ
ಅಷ್ಟನ್ನೇ ಮಾರಾಟ ಅಂತ ಬರೆದುಕೊಂಡಿದ್ದಳು ಫರ್ಹಾನಾ,
ಹತ್ತು ತಿಂಗಳು, ಮುದ್ದಾದ ಕೈಬರಹದಲ್ಲಿ,
ಆಮೇಲೆ ಟ್ಯಾಲಿಯಲ್ಲೂ ಹಾಗೇ.

ಶಿವರಾಂಪೇಟೆಯಲ್ಲಿ, ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲೆ
ನನ್ನ ಕೋಣೆ. ಅವಳು ಮೆಟ್ಟಿಲು ಹತ್ತುವ ಮೊದಲೇ
ಮೂಗಿಗೆ ಗೊತ್ತಾಗುತ್ತದೆ: ಇದ್ದಿಲ ಪುಡಿ, ಜಿಗಟ್, ಸಾಂಬ್ರಾಣಿ.
"ಕೈಗೆ ಬಂದಿದ್ದೇ ಇಷ್ಟು ಮೇಡಂ.
ಬರದೇ ಇದ್ದಿದ್ದನ್ನ ಹೆಂಗೆ ಬರೀಲಿ?"
ನ್ಯಾಯವಾದ ಮಾತು.
ತಪ್ಪಾದ ಲೆಕ್ಕ.

ಅವಳ ಚೀಲದಿಂದಲೇ ಒಂದು ಕಡ್ಡಿ ತೆಗೆದು
ಕ್ಯಾಲ್ಕುಲೇಟರಿನ ಮೇಲೆ ಅಡ್ಡ ಇಟ್ಟೆ.
ಮಸಾಲೆ ಮೆತ್ತಿದ್ದು ನೂರು. ಅದು ನಿನ್ನದು.
ಕೆಳಗಿನ ಈ ಬರಿ ಬಿದಿರು ಐದು.
ಇದನ್ನು ನೀನು ಉರಿಸುವ ಹಾಗಿಲ್ಲ,
ಇಪ್ಪತ್ತನೇ ತಾರೀಖಿನವರೆಗೆ ಸುಮ್ಮನೆ ಹಿಡಿದುಕೊಂಡಿರಬೇಕು.
ಎರಡೂವರೆ ದಿಲ್ಲಿಗೆ, ಎರಡೂವರೆ ಬೆಂಗಳೂರಿಗೆ.

"ಬಿದಿರಿಲ್ದೆ ಮಸಾಲೆ ಎಲ್ಲಿ ನಿಲ್ತದೆ ಬಿಡಿ," ಅಂದಳು.
ಹದಿನಾರು ವರ್ಷ ದಿನಕ್ಕೆ ನಾಲ್ಕು ಸಾವಿರ ಹೊಸೆದ ಬೆರಳು;
ಅವಳಿಗೆ ನಾನು ಹೇಳುವುದೇನು.

ಆಮೇಲೆ ಬಿಚ್ಚುತ್ತ ಹೋದೆವು.
ಕಮಿಷನ್ನು, ಕೊರಿಯರು ಸೇರಿ ಇಪ್ಪತ್ತೆರಡು.
ಅದರ ಮೇಲಿನ ತೆರಿಗೆ ಮೂರು ತೊಂಬತ್ತಾರು,
ಹೋಯಿತೆಂದು ಅಳಬೇಡ, ಅದು ನಿನ್ನ ಜಮೆಗೆ ಕಾದು ಕೂತಿದೆ.
ಮಾರಿಕೊಟ್ಟವರು ದಾರಿಯಲ್ಲೇ ಹಿಡಿದಿಟ್ಟ ಐವತ್ತು ಪೈಸೆ.
ಅದಕ್ಕೂ ಒಂದು ಲೆಡ್ಜರ್ ತೆರೆದಾಗ ಜೋರಾಗಿ ನಕ್ಕಳು:
"ದೇವರಾಜ ಮಾರ್ಕೆಟ್ಟಲ್ಲಿ ಐವತ್ತು ಪೈಸೆಗೆ
ಕರಿಬೇವಿನ ಒಂದು ಎಲೆ ಕೊಡಲ್ಲ."

ಹತ್ತೊಂಬತ್ತನೇ ತಾರೀಖು, ರಾತ್ರಿ.
ಎರಡು ಪಟ್ಟಿಗಳು ಎದುರುಬದುರು ಕೂತು
ಐದು ರೂಪಾಯಿಗೆ ಜಗಳ.
ಕೆಳಗೆ ರಿಪೇರಿಯವನೂ ಬಾಗಿಲೆಳೆದುಕೊಂಡು ಹೋದ.
ಹನ್ನೊಂದರ ಹೊತ್ತಿಗೆ ಸಿಕ್ಕಿತು. ತಪ್ಪು ನನ್ನದೇ:
ದುಡ್ಡು ಕೊಟ್ಟವನು ಸೇಲಂನ ಸೆಲ್ವಕುಮಾರ,
ಪೊಟ್ಟಣ ಹೋದದ್ದು ಮಂಡ್ಯದ ಗುತ್ತಲು ರಸ್ತೆಗೆ.
ಅಕ್ಕನ ಮನೆಯೋ, ಹಳೆಯ ಸ್ನೇಹವೋ,
ಕೇಳಲು ಕಾಲಂ ಇಲ್ಲ.
ಮದ್ದೂರನ್ನೂ ಮುಟ್ಟದ ಡಬ್ಬಿಯನ್ನು
ರಾಜ್ಯದ ಗಡಿ ದಾಟಿಸಿ ಐಜಿಎಸ್‌ಟಿಗೆ ಹಾಕಿದ್ದೆ.

"ಹೊಗೆ ಎಲ್ಲಿ ಏಳ್ತದೋ ಆ ಊರಿಗೆ ತೆರಿಗೆ, ಅಷ್ಟೇ ತಾನೇ?"
ಫೋನಿನಲ್ಲಿ ಆಕಳಿಸಿದಳು ಫರ್ಹಾನಾ.
ನಾನು ಓದಿದ ನಾಲ್ಕು ಪುಟ ಸುತ್ತೋಲೆ
ಅವಳ ಒಂದು ಆಕಳಿಕೆಯಲ್ಲಿ ಮುಗಿಯಿತು.
ಐದನ್ನು ಮುರಿದೆ. ಎರಡೂವರೆ. ಎರಡೂವರೆ.

ಉಳಿದದ್ದು ನಾಗಪುರದಿಂದ ವಾಪಸು ಬಂದ ಒಂದು ಪೊಟ್ಟಣ.
ಮೂವತ್ತು ಕಡ್ಡಿಯಲ್ಲಿ ಇಪ್ಪತ್ತೊಂಬತ್ತಿತ್ತು.
ಪೂರಾ ನೂರೈದಕ್ಕೆ ಕ್ರೆಡಿಟ್ ನೋಟು;
ನೂರೂ ಅಳಿಯಿತು, ಐದೂ ಅಳಿಯಿತು.
ಯಾರದೋ ಮನೆಯಲ್ಲಿ ಒಂದು ಸಂಜೆ ಉರಿದು
ಯಾರಿಗೋ ಹಿಡಿಸದೆ ಹೋದ ಆ ಒಂದು ಕಡ್ಡಿಯನ್ನು
ಯಾವ ತಲೆಬರಹದ ಕೆಳಗೆ ಹಾಕಲಿ?
ಎಲ್ಲ ಗುಂಪು ಹುಡುಕಿದೆ. ಇಲ್ಲ.

ಒಂದೂವರೆಗೆ ವ್ಯತ್ಯಾಸ ಸೊನ್ನೆ.
ಈ ತಿಂಗಳದ್ದು.
ಹಿಂದಿನ ಹತ್ತು ತಿಂಗಳು ಹಾಗೇ ಬಿದ್ದಿವೆ,
ಬಡ್ಡಿ ಸೇರಿ ಎಷ್ಟಾಗುತ್ತದೆಂದು ನಾಳೆ ಹೇಳಬೇಕು ಅವಳಿಗೆ.
ಮೊತ್ತವನ್ನು ಮೂರು ಸಲ ಕೂಡಿದೆ,
ಕಡಿಮೆಯಾದೀತೇನೋ ಅಂತ.

ದೀಪ ಆರಿಸುವ ಮುಂಚೆ
ಕ್ಯಾಲ್ಕುಲೇಟರಿನ ಮೇಲಿದ್ದ ಆ ಕಡ್ಡಿಯನ್ನೆತ್ತಿ
ಬರಿ ತುದಿಯನ್ನು ಮೂಸಿದೆ.
ಬಿದಿರಿಗೂ ಚೂರು ಮಲ್ಲಿಗೆ ಹತ್ತಿತ್ತು.